ಪ್ರಿಂಟ್‌ಎಫ್ ಇಲ್ಲದೆ ಪ್ರಿಂಟ್‌ಎಫ್ ಬರೆದದ್ದು

ಹೋದ ಮಳೆಗಾಲದಲ್ಲಿ ಒಂದಿಡೀ ದಿನ ಒಂದು ಸೆನ್ಸರ್ ಮೇಲೆ ಅನುಮಾನಪಟ್ಟುಕೊಂಡು ಕೂತಿದ್ದೆ. ಐಸ್‌ಕ್ರೀಂ ಇಡುವ ಡೀಪ್ ಫ್ರೀಜರ್ ಒಳಗಿನ ತಾಪಮಾನ ಅಳೆದು ಬರೆದಿಡುವ ಪುಟ್ಟ ಬೋರ್ಡ್ ಅದು. 32 ಕೆಬಿ ಫ್ಲಾಶ್, 4 ಕೆಬಿ ರ್‍ಯಾಮ್, ಅಷ್ಟೇ. ಸೀರಿಯಲ್ ಕೇಬಲ್ ಚುಚ್ಚಿದರೆ ಪರದೆ ಮೇಲೆ "ಟೆಂಪ್ = ಡಿಗ್ರಿ, ಬಾಗಿಲು = 1" ಅಂತ ಬರುತ್ತಿತ್ತು. ಬಾಗಿಲು ಇದೆ, ಡಿಗ್ರಿ ಇದೆ, ಇರಬೇಕಾದ ಸಂಖ್ಯೆ ಮಾತ್ರ ಇಲ್ಲ. ಸೆನ್ಸರ್ ಬದಲಿಸಿದೆ. ವೈರ್ ಬದಲಿಸಿದೆ. ಸೋಲ್ಡರ್ ಸರಿಯಿಲ್ಲ ಅಂತ ಮತ್ತೆ ಬಿಸಿ ಮಾಡಿದೆ. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಸಂಜೆ ಐದಕ್ಕೆ ಗೊತ್ತಾಯಿತು, ಸೆನ್ಸರ್ ಬೆಳಗ್ಗೆಯಿಂದ ಸರಿಯಾಗೇ ಹೇಳುತ್ತಿತ್ತು. ನಾನು ಬಳಸುತ್ತಿದ್ದದ್ದು ನ್ಯೂಲಿಬ್-ನ್ಯಾನೋ ಅನ್ನುವ ಚಿಕ್ಕ ಸಿ ಲೈಬ್ರರಿ. ಪದ, ಸಂಖ್ಯೆಗಳನ್ನು ಪರದೆಗೆ ಬರೆಯುವ ಅದರ ಪ್ರಿಂಟ್‌ಎಫ್ ಫಂಕ್ಷನ್‌ನಲ್ಲಿ, ಜಾಗ ಉಳಿಸಲಿಕ್ಕೆ, ದಶಮಾಂಶದ ಸಂಖ್ಯೆ ಅಚ್ಚು ಮಾಡುವ ಭಾಗವನ್ನೇ ಬಿಟ್ಟಿರುತ್ತಾರೆ. ಬೇಕಿದ್ದರೆ ಪ್ರೋಗ್ರಾಂನ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ಪ್ರತ್ಯೇಕವಾಗಿ ಹೇಳಿ ಹಾಕಿಸಿಕೊಳ್ಳಬೇಕು. ಹೇಳದಿದ್ದರೆ ಅದು ಜಗಳ ಮಾಡಲ್ಲ, %ಎಫ್ (ದಶಮಾಂಶದ ಸಂಖ್ಯೆ ಬರಬೇಕಾದ ಜಾಗದ ಗುರುತು) ಇದ್ದ ಕಡೆ ಖಾಲಿ ಬಿಟ್ಟು ಸುಮ್ನೆ ಮುಂದೆ ಹೋಗುತ್ತದೆ.

ಇದು ಹೊಸ ವಿಷಯವೇನಲ್ಲ. ಕಾಲೇಜಿನಲ್ಲಿ ಟರ್ಬೋ ಸಿ ಬಳಸಿದವರಿಗೆ "ಫ್ಲೋಟಿಂಗ್ ಪಾಯಿಂಟ್ ಫಾರ್ಮ್ಯಾಟ್ಸ್ ನಾಟ್ ಲಿಂಕ್ಡ್" ಎಂಬ ಸಾಲು ನೆನಪಿರಬಹುದು. ಅದೂ ಇದೇ ಉಳಿತಾಯದ ಕಥೆ. ಆದರೆ ಅದು ಬಾಯಿಬಿಟ್ಟಾದರೂ ಹೇಳುತ್ತಿತ್ತು. ನನಗೆ ಕೊರೆದದ್ದು ಕಳೆದುಹೋದ ದಿನ ಅಲ್ಲ. ಇಡೀ ದಿನದಲ್ಲಿ ಒಂದು ಸಲವೂ ಪ್ರಿಂಟ್‌ಎಫ್ ಮೇಲೆ ಅನುಮಾನ ಬರಲಿಲ್ಲವಲ್ಲ, ಅದು. ಕಬ್ಬಿಣದ ಕಾಲದ ಬೋರ್ಡು, ಚೀನಾದ ಕೇಬಲ್, ನನ್ನದೇ ಕೋಡ್, ಎಲ್ಲದರ ಮೇಲೂ ಬಂತು. ಕಂಡದ್ದನ್ನೆಲ್ಲ ನನಗೆ ತೋರಿಸುತ್ತಿದ್ದದ್ದು ಯಾವುದೋ, ಅದೊಂದರ ಮೇಲೆ ಬರಲಿಲ್ಲ.

ದಶಮಾಂಶದ ಭಾಗ ಹಾಕಿಸಿಕೊಳ್ಳಲು ನನ್ನ 32 ಕೆಬಿಯಲ್ಲಿ ಜಾಗ ಸಾಲಲಿಲ್ಲ. ಹಾಗಾಗಿ ನಾನೇ ಒಂದು ಪ್ರಿಂಟ್‌ಎಫ್ ಬರೆಯೋಣ ಅಂದುಕೊಂಡೆ. ಏನಿದೆ ಅದರಲ್ಲಿ, ಶೇಕಡಾ ಚಿಹ್ನೆ ಸಿಕ್ಕಿದರೆ ಮುಂದಿನ ಅಕ್ಷರ ನೋಡು, ಇಲ್ಲದಿದ್ದರೆ ಇದ್ದಹಾಗೆ ಕಳಿಸು. ಶನಿವಾರ ಬೆಳಗ್ಗೆ ತಿಂಡಿಯಾದ ಮೇಲೆ ಶುರು ಮಾಡಿದರೆ ಊಟದ ಹೊತ್ತಿಗೆ ಮುಗಿಯುತ್ತೆ ಅಂತ ಮನೆಯಲ್ಲೂ ಹೇಳಿದ್ದೆ.

ಶನಿವಾರದ ಸೊನ್ನೆ

ಮೊದಲ ಪೆಟ್ಟು ಬಿದ್ದದ್ದು ಬರೆದಾದ ಮೇಲೆ. ಓಡಿಸಿದೆ, ಪರದೆ ಮೇಲೆ ಏನೂ ಇಲ್ಲ. ಅಭ್ಯಾಸಬಲ, ಕೈ ತಾನಾಗೇ ಕೋಡ್ ಒಳಗೆ ಹೋಗಿ "ಇಲ್ಲಿವರೆಗೆ ಬಂತು" ಅಂತ ಒಂದು ಪ್ರಿಂಟ್‌ಎಫ್ ಹಾಕಲು ಹೊರಟಿತು. ಹಾಕುವುದು ಎಲ್ಲಿಂದ? ಕೆಟ್ಟಿರುವುದೇ ಅದು. ಹದಿನೈದು ವರ್ಷದ ಕೆಲಸದಲ್ಲಿ ಏನೇ ಕೆಟ್ಟರೂ ಮೊದಲು ಕೈ ಹೋಗುತ್ತಿದ್ದ ಜಾಗ ಈಗ ಖಾಲಿ. ಕೊನೆಗೆ ಬೋರ್ಡಿನ ಮೂಲೆಯಲ್ಲಿದ್ದ ಹಸಿರು ಎಲ್‌ಇಡಿಯನ್ನು ಹಿಡಿದೆ. ಶೇಕಡಾ ಚಿಹ್ನೆ ಸಿಕ್ಕಿದರೆ ಒಂದು ಸಲ ಮಿಟುಕಿಸು, ಪೂರ್ಣಾಂಕದ ಗುರುತಾದ %ಡಿ ಒಳಗೆ ಬಂದರೆ ಎರಡು ಸಲ, ಅಂಕಿ ಕಳಿಸಿದರೆ ಮೂರು ಸಲ. ಬೋರ್ಡನ್ನು ಎದುರಿಗಿಟ್ಟುಕೊಂಡು ಬೆರಳು ಮಡಚಿ ಎಣಿಸುತ್ತಾ ಕೂತೆ. ಮಗಳು ಬಂದು ನೋಡಿ, "ಅಪ್ಪಾ, ಅದ್ರ ಜೊತೆ ಮಾತಾಡ್ತಿದೀಯಾ?" ಅಂದಳು. ಹೆಚ್ಚು ಕಮ್ಮಿ ಅದೇ.

ಆ ತೊಂದರೆ ಸೀರಿಯಲ್ ಪೋರ್ಟಿನ ಒಂದು ಸೆಟ್ಟಿಂಗ್, ಬೇಗ ಸರಿಹೋಯಿತು. ಆಮೇಲೆ ಸಂಖ್ಯೆಗಳು ಬಂದವು. 7 ಬಂತು, 42 ಬಂತು, 1024 ಬಂತು. ಬಾಗಿಲು ಮುಚ್ಚಿದರೆ ಮಾತ್ರ "ಬಾಗಿಲು = " ಅಂತ ಬಂದು ನಿಂತುಬಿಟ್ಟಿತು. ಮತ್ತೆ ಖಾಲಿ! ಈ ಸಲ ಅಪರಾಧಿ ನಾನೇ. ಸಂಖ್ಯೆಯನ್ನು ಹತ್ತರಿಂದ ಭಾಗಿಸುತ್ತಾ ಹೋಗು, ಸೊನ್ನೆಗಿಂತ ದೊಡ್ಡದಿರುವವರೆಗೆ ಶೇಷವನ್ನು ಬರೆ ಅಂತ ಲೂಪ್ ಬರೆದಿದ್ದೆ. ಬಂದ ಸಂಖ್ಯೆಯೇ ಸೊನ್ನೆಯಾದರೆ ಲೂಪ್ ಒಳಗೆ ಹೋಗುವುದೇ ಇಲ್ಲ. ಕರ್ನಿಗನ್ ಮತ್ತು ರಿಚಿ ಬರೆದ ಸಿ ಭಾಷೆಯ ಪುಸ್ತಕದಲ್ಲಿ ಸಂಖ್ಯೆಯನ್ನು ಅಕ್ಷರ ಮಾಡುವ ಪುಟ್ಟ ಫಂಕ್ಷನ್ ಇದೆಯಲ್ಲ, ಅಲ್ಲಿ ಡೂ-ವೈಲ್ ಲೂಪ್ (ಮೊದಲು ಒಂದು ಸಲ ಓಡಿ, ಆಮೇಲೆ ಷರತ್ತು ನೋಡುವ ಲೂಪ್) ಹಾಕಿರುವುದು ಇದಕ್ಕೇ. ಸೊನ್ನೆಗೂ ಒಂದು ಅಂಕಿ ಬೇಕು ಅಂತ ಅವರು ಪಕ್ಕದಲ್ಲೇ ವಿವರಿಸಿದ್ದಾರೆ. ಡೂ-ವೈಲ್‌ಗೆ ಉದಾಹರಣೆ ಕೊಡಿ ಅಂತ ಪರೀಕ್ಷೆಯಲ್ಲಿ ಬಂದಾಗ ಅದನ್ನೇ ಬರೆದು ಮಾರ್ಕ್ಸ್ ತಗೊಂಡವನು ನಾನು.

ಅದೇ ಫಂಕ್ಷನ್‌ನಲ್ಲಿ ಇನ್ನೊಂದು ಗುಂಡಿ ಇದೆ, ಅದನ್ನೂ ಅವರು ಬೇಕೆಂದೇ ತೋಡಿಟ್ಟು ಅಭ್ಯಾಸದ ಪ್ರಶ್ನೆ ಮಾಡಿದ್ದಾರೆ. ಋಣಸಂಖ್ಯೆ ಬಂದರೆ ಮೈನಸ್ ಬರೆದು, ಸಂಖ್ಯೆಯನ್ನು ಧನ ಮಾಡಿಕೊಂಡು ಮುಂದುವರಿಯುವುದು ಎಲ್ಲರೂ ಬರೆಯುವ ರೀತಿ. 32 ಬಿಟ್‌ನಲ್ಲಿ ಅತಿ ಸಣ್ಣ ಸಂಖ್ಯೆ -2147483648. ಆದರೆ ಧನದ ಕಡೆ ಜಾಗ ಇರುವುದು 2147483647ರವರೆಗೆ ಮಾತ್ರ. ತಿರುಗಿಸಲು ಹೋದರೆ, ಸಾಮಾನ್ಯವಾಗಿ, ಅದು ಋಣವಾಗೇ ಉಳಿಯುತ್ತದೆ. ಹತ್ತರಿಂದ ಭಾಗಿಸಿದರೆ ಶೇಷ -8. ಸೊನ್ನೆ ಅಂಕಿಯ ಆಸ್ಕಿ ಸಂಖ್ಯೆ 48, ಅದಕ್ಕೆ -8 ಕೂಡಿಸಿದರೆ 40, ಅಂದರೆ ತೆರೆದ ಕಂಸ. ಲೂಪ್ ಅಲ್ಲಿಗೆ ಮುಗಿಯುತ್ತದೆ. ಪರದೆ ಮೇಲೆ ಬರುವುದು -( ಇಷ್ಟೇ. ಕಣ್ಣಿಲ್ಲದ ಅಳುಮುಖ. ನನಗೂ ಹಾಗೇ ಬಂತು, ನೋಡಿ ನಕ್ಕೆ. ಸಂಖ್ಯೆಯನ್ನು ಅನ್‌ಸೈನ್ಡ್ (ಮೈನಸ್ ಇಲ್ಲದ ಬಗೆ) ಮಾಡಿಕೊಂಡು ಆಮೇಲೆ ತಿರುಗಿಸಿದರೆ ಸರಿಹೋಗುತ್ತದೆ.

ಈ ಮೈನಸ್ ತಿರುಗಿಸುವ ಪದ್ಧತಿ ಸಿ ಭಾಷೆಗಿಂತಲೂ ಹಳೆಯದು. 1972ರ ಜನವರಿಯಲ್ಲಿ ಕೆನ್ ಥಾಂಪ್ಸನ್ ಬರೆದ, ಸಿಗೆ ಮೂಲವಾದ ಬಿ ಭಾಷೆಯ ಕೈಪಿಡಿಯಲ್ಲಿ, ಉದಾಹರಣೆಯಾಗಿ, ಒಂದು ಪೂರ್ತಿ ಪ್ರಿಂಟ್‌ಎಫ್ ಇದೆ. ಒಂದು ಪುಟ ಕೂಡ ಇಲ್ಲ. %ಡಿ, %ಒ, %ಸಿ, %ಎಸ್ ನಾಲ್ಕೇ: ಪೂರ್ಣಾಂಕ, ಎಂಟರ ಲೆಕ್ಕದ ಸಂಖ್ಯೆ, ಅಕ್ಷರ, ಪದ. ಫಾರ್ಮ್ಯಾಟ್ ಸ್ಟ್ರಿಂಗ್ (ಶೇಕಡಾ ಚಿಹ್ನೆಗಳಿರುವ ಮೊದಲ ಸಾಲು) ಆದ ಮೇಲೆ ಎಕ್ಸ್1ರಿಂದ ಎಕ್ಸ್9ರವರೆಗೆ ಒಂಬತ್ತು ಹೆಸರು ಬರೆದು, ಮೊದಲನೆಯದರ ವಿಳಾಸ ಹಿಡಿದು ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಾನೆ. ಬಿ ಭಾಷೆಯಲ್ಲಿ ಟೈಪ್ ಅನ್ನುವುದೇ ಇರಲಿಲ್ಲ, ಎಲ್ಲವೂ ಒಂದೇ ಅಳತೆಯ ಮೆಷಿನ್ ವರ್ಡ್. ಹಾಗಾಗಿ ಹೆಜ್ಜೆ ತಪ್ಪುವ ಭಯ ಇಲ್ಲ. ಆ ಪುಟ ಓದಿದಾಗ ಹೊಟ್ಟೆಕಿಚ್ಚಾಯಿತು. ಅವನ ಶನಿವಾರ ಊಟದ ಹೊತ್ತಿಗೆ ಮುಗಿದಿರುತ್ತೆ.

ಬಾಗಿಲು ನಲವತ್ತು ಸಾವಿರ ಸಲ ತೆರೆದದ್ದು

ಮೊದಲು ನನ್ನ ಫಂಕ್ಷನ್‌ಗೂ ಪ್ರಿಂಟ್‌ಎಫ್ ಅಂತಲೇ ಹೆಸರಿಟ್ಟಿದ್ದೆ. ಲೈಬ್ರರಿ ತೆಗೆದುಹಾಕಿ ಲಿಂಕ್ ಮಾಡಿದರೆ, "ಪುಟ್ಸ್ ಎಲ್ಲಿ?" ಅಂತ ಲಿಂಕರ್ ಕೇಳಿತು. ಒಂದು ಸಾಲನ್ನು ಇದ್ದಹಾಗೆ ಬರೆಯುವ ಪುಟ್ಸ್ ಅನ್ನುವುದನ್ನು ನಾನು ಎಲ್ಲೂ ಕರೆದೇ ಇಲ್ಲ! ಹುಡುಕಿದರೆ, ಇದು ಜಿಸಿಸಿ ಕಂಪೈಲರ್‌ನ ಜಾಣತನ. ಬರೀ ಪದಗಳಿದ್ದು ಕೊನೆಗೆ ಹೊಸ ಸಾಲು ಇರುವ ಪ್ರಿಂಟ್‌ಎಫ್ ಕಂಡರೆ ಅದನ್ನು ಪುಟ್ಸ್ ಮಾಡಿಬಿಡುತ್ತದೆ. ಅಂದರೆ ನಾವೆಲ್ಲ ಮೊದಲ ದಿನ ಬರೆದ "ಹಲೋ ವರ್ಲ್ಡ್" ಇದೆಯಲ್ಲ, ಅದರಲ್ಲಿ ಓಡುವುದು ಪ್ರಿಂಟ್‌ಎಫ್ ಅಲ್ಲವೇ ಅಲ್ಲ. ಕಂಪೈಲರ್‌ಗೆ ಈ ಹೆಸರು ಅಷ್ಟು ಪರಿಚಯ. ತಲೆನೋವು ಬೇಡ ಅಂತ ನನ್ನ ಫಂಕ್ಷನ್‌ನ ಹೆಸರನ್ನೇ ಬದಲಿಸಿದೆ.

ಲಿಂಕರ್ ಸುಮ್ಮನಾಯಿತು. ಎರಡು ದಿನ ಆದ ಮೇಲೆ ಲಾಗ್‌ನಲ್ಲಿ ನೋಡಿದರೆ ಫ್ರೀಜರ್ ಬಾಗಿಲು ನಲವತ್ತು ಸಾವಿರ ಸಲ ತೆರೆದಿದೆ. ಬೋರ್ಡ್ ಆನ್ ಮಾಡಿ ಒಂದು ನಿಮಿಷ ಕೂಡ ಆಗಿಲ್ಲ. ಪಕ್ಕದ ಮೇಜಿನಲ್ಲಿ ಕೂರುವ ಹುಡುಗಿ, ಕೆಲಸಕ್ಕೆ ಸೇರಿ ಆರು ತಿಂಗಳಾಗಿದೆಯಷ್ಟೇ, ನೋಡಿ ಹೇಳಿದಳು: "ಸರ್, ಆ ನಂಬರ್ ಸೆಕೆಂಡಿಗೆ ಸಾವಿರ ಜಾಸ್ತಿ ಆಗ್ತಿದೆ. ಅದು ಬಾಗಿಲಲ್ಲ, ಟೈಮು." ಹೌದು, ಅದು ಮಿಲಿಸೆಕೆಂಡ್ ಲೆಕ್ಕದ ಸಮಯವೇ. ಹಾಗಾದರೆ ಸಮಯ ಬರಬೇಕಾದ ಜಾಗದಲ್ಲಿ ಇದ್ದದ್ದು ಏನು? ಏನೇನೋ ಕಸ.

ನಡೆದದ್ದು ಹೀಗೆ. ಸಮಯ 64 ಬಿಟ್‌ನದು, ನಾನು ಫಾರ್ಮ್ಯಾಟ್‌ನಲ್ಲಿ ಬರೆದದ್ದು ಬರೀ %ಡಿ, ಅಂದರೆ 32 ಬಿಟ್. ಈ ಆರ್ಮ್ ಚಿಪ್‌ನಲ್ಲಿ ಫಂಕ್ಷನ್‌ಗೆ ಕೊಡುವ ಮೊದಲ ನಾಲ್ಕು ವರ್ಡ್‌ಗಳು (32 ಬಿಟ್‌ನ ತುಂಡುಗಳು) ಆರ್0ರಿಂದ ಆರ್3ರವರೆಗಿನ ರಿಜಿಸ್ಟರ್‌ಗಳಲ್ಲಿ, ಅಂದರೆ ಚಿಪ್ ಒಳಗಿನ ಪುಟ್ಟ ಗೂಡುಗಳಲ್ಲಿ, ಹೋಗುತ್ತವೆ. ಫಾರ್ಮ್ಯಾಟ್ ಸ್ಟ್ರಿಂಗ್ ಆರ್0ನಲ್ಲಿ ಕೂತಿತು. 64 ಬಿಟ್‌ನದಕ್ಕೆ ಜೋಡಿ ಕುರ್ಚಿ ಬೇಕು, ಅದೂ ಸಮಸಂಖ್ಯೆಯಿಂದ ಶುರುವಾಗುವ ಜೋಡಿ. ಹಾಗಾಗಿ ಅದು ಆರ್1 ಖಾಲಿ ಬಿಟ್ಟು ಆರ್2, ಆರ್3ರಲ್ಲಿ ಕೂತಿತು. ಬಾಗಿಲಿನ ಲೆಕ್ಕ ಜಾಗ ಇಲ್ಲದೆ ರ್‍ಯಾಮ್‌ನಲ್ಲಿರುವ ಸ್ಟ್ಯಾಕ್‌ಗೆ ಹೋಯಿತು. ನನ್ನ ಫಂಕ್ಷನ್‌ಗೆ ಇದೆಲ್ಲ ಗೊತ್ತಿಲ್ಲ. ಪಂಕ್ತಿಯಲ್ಲಿ ಬಡಿಸುವವನ ಹಾಗೆ ಸಾಲಾಗಿ ಹೋಯಿತು. ಮೊದಲ %ಡಿಗೆ ಆರ್1ರಲ್ಲಿ ಯಾರೋ ಬಿಟ್ಟುಹೋಗಿದ್ದ ಎಂಜಲು, ಎರಡನೆಯದಕ್ಕೆ ಸಮಯದ ಅರ್ಧ. ಬಾಗಿಲು ಹೊರಗೇ ಕಾಯುತ್ತಾ ನಿಂತಿತ್ತು.

ಪ್ರಿಂಟ್‌ಎಫ್‌ಗೆ ತನಗೆ ಏನು ಕೊಟ್ಟಿದ್ದಾರೆ, ಎಷ್ಟು ಕೊಟ್ಟಿದ್ದಾರೆ ಅಂತ ತಿಳಿಯುವ ದಾರಿಯೇ ಇಲ್ಲ. ಫಾರ್ಮ್ಯಾಟ್ ಸ್ಟ್ರಿಂಗ್ ಹೇಳಿದ್ದನ್ನು ನಂಬುತ್ತದೆ, ಅಷ್ಟೇ. ಮೂರು %ಡಿ ಬರೆದು ಎರಡೇ ಸಂಖ್ಯೆ ಕೊಟ್ಟರೆ ಮೂರನೆಯದನ್ನು ಎಲ್ಲಿಂದಲೋ ತಂದು ತೋರಿಸುತ್ತದೆ. ನಾನು ಕೊಟ್ಟದ್ದೂ ಹಾಗೇ ತಲುಪಲ್ಲ, ಕ್ಯಾರೆಕ್ಟರ್ ಕೊಟ್ಟರೆ ಅದು ಇಂಟ್ (ಪೂರ್ಣಾಂಕ) ಆಗಿ ಬರುತ್ತದೆ, ದಶಮಾಂಶದ ಫ್ಲೋಟ್ ಕೊಟ್ಟರೆ ಅದಕ್ಕಿಂತ ಹೆಚ್ಚು ನಿಖರವಾದ ಡಬಲ್ ಆಗಿ. ಹಾಗಾದರೆ ಇಷ್ಟು ವರ್ಷ ನಾನು ಇಂಥ ತಪ್ಪು ಮಾಡಿರಲಿಲ್ಲವೇ? ಮಾಡಿದ್ದೆ. ಜಿಸಿಸಿ ವಾರ್ನಿಂಗ್ ಕೊಟ್ಟು ಬೈದು ತಿದ್ದಿಸುತ್ತಿತ್ತು. ಅದಕ್ಕೆ ಪ್ರಿಂಟ್‌ಎಫ್ ಎಂಬ ಹೆಸರು ಗೊತ್ತು, ಹಾಗಾಗಿ ಫಾರ್ಮ್ಯಾಟ್ ಓದಿ ತಾಳೆ ನೋಡುತ್ತದೆ. ಹೆಸರು ಬದಲಿಸಿದ ಗಳಿಗೆಯಲ್ಲಿ ಆ ಕಾವಲು ಹೋಗಿತ್ತು. "ಇದೂ ಪ್ರಿಂಟ್‌ಎಫ್ ಥರದ್ದೇ" ಅಂತ ಕಂಪೈಲರ್‌ಗೆ ಹೇಳುವ ಒಂದು ಸಾಲು ಇದೆ, ಅದನ್ನು ಹಾಕಿದೆ. ಒಮ್ಮೆಗೇ ಹದಿಮೂರು ವಾರ್ನಿಂಗ್ ಬಂದವು. ನಾನು ಪ್ರಿಂಟ್‌ಎಫ್‌ನದು ಅಂದುಕೊಂಡಿದ್ದ ಗಟ್ಟಿತನ ಪ್ರಿಂಟ್‌ಎಫ್ ಒಳಗೆ ಇರಲೇ ಇಲ್ಲ.

ಇನ್ನೊಂದು ಮಜಾ ಹೇಳಲೇಬೇಕು. ಪರೀಕ್ಷೆಗಳನ್ನೆಲ್ಲ ಲ್ಯಾಪ್‌ಟಾಪ್‌ನಲ್ಲಿ ಮಾಡುತ್ತಿದ್ದೆ, ಬೇಗ ಆಗುತ್ತೆ ಅಂತ. 1, 2, 3 ಕೊಟ್ಟರೆ 1 2 3 ಬಂತು. ಅದೇ ಕೋಡ್ ಬೋರ್ಡಿನಲ್ಲಿ 1 1 1. ಆರ್ಗ್ಯುಮೆಂಟ್‌ಗಳಲ್ಲಿ ಎಲ್ಲಿವರೆಗೆ ಓದಿದ್ದೇವೆ ಅಂತ ನೆನಪಿಡುವ ವಿಎ-ಲಿಸ್ಟ್ ಇದೆಯಲ್ಲ, ಅದನ್ನು ನಾನು ಇನ್ನೊಂದು ಪುಟ್ಟ ಫಂಕ್ಷನ್‌ಗೆ ಕೊಟ್ಟಿದ್ದೆ. ಇಂಟೆಲ್, ಎಎಂಡಿ ಚಿಪ್‌ಗಳ 64 ಬಿಟ್ ಲಿನಕ್ಸ್‌ನಲ್ಲಿ ಅದು ಅರೇ, ಹಾಗಾಗಿ ಕೊಟ್ಟರೆ ವಿಳಾಸ ಹೋಗುತ್ತದೆ, ಒಳಗಿನವನು ಮುಂದೆ ಸರಿಸಿದರೆ ಹೊರಗಿನವನಿಗೂ ಗೊತ್ತಾಗುತ್ತದೆ. ಬೋರ್ಡಿನಲ್ಲಿ ಹೋಗುವುದು ಅದರ ನಕಲು. ಒಳಗಿನವನು ಓದಿದ ಪುಟಕ್ಕೆ ಗುರುತಿಟ್ಟ, ಹೊರಗಿನವನ ಪುಸ್ತಕ ಮಾತ್ರ ಮೊದಲ ಪುಟದಲ್ಲೇ ಇದೆ. ಇಂಥದ್ದನ್ನು ನೆಚ್ಚಿಕೊಳ್ಳಬೇಡಿ ಅಂತ ಸಿ ಭಾಷೆಯ ಸ್ಟ್ಯಾಂಡರ್ಡ್ ಮೊದಲೇ ಹೇಳಿದೆ, ವಿಳಾಸ ಕೊಟ್ಟರೆ ಎರಡೂ ಕಡೆ ಸರಿ. ಯಾರು ಓದ್ತಾರೆ?

ಕನ್ನಡಕ್ಕೆ ಹದಿನೈದು

ಅಗಲ, ನಿಖರತೆ, ಸೊನ್ನೆ ತುಂಬುವುದು, ಎಡಕ್ಕೆ ಒತ್ತುವುದು, ಇವೆಲ್ಲ ಒಂದು ವಾರ ತಿಂದವು. ಬೇರೆಬೇರೆಯಾಗಿ ಎಲ್ಲ ಸುಲಭ. ಒಟ್ಟಿಗೆ ಬಂದಾಗ ಯಾರ ಮಾತು ನಡೆಯಬೇಕು ಅನ್ನುವುದೇ ಜಗಳ. ಎಡಕ್ಕೆ ಒತ್ತು ಅಂದರೆ ಸೊನ್ನೆಯ ಮಾತು ನಡೆಯಲ್ಲ. ನಿಖರತೆ ಕೊಟ್ಟರೆ, ಪೂರ್ಣಾಂಕಗಳಲ್ಲಿ, ಆಗಲೂ ಸೊನ್ನೆಯ ಮಾತು ನಡೆಯಲ್ಲ. ಒಂದು ನಿಯಮ ಓದಿ ಮಾತ್ರ ಕುರ್ಚಿಯಿಂದ ಎದ್ದುಬಿಟ್ಟೆ: %.0ಡಿಗೆ (ಅಂದರೆ ನಿಖರತೆ ಸೊನ್ನೆ) ಸೊನ್ನೆ ಕೊಟ್ಟರೆ ಏನೂ ಅಚ್ಚಾಗಬಾರದು. ಖಾಲಿ! ನಾನು ಶನಿವಾರವೆಲ್ಲ ತಿದ್ದಿದ ತಪ್ಪು ಇಲ್ಲಿ ಕಾನೂನು.

ಅಗಲದ ಲೆಕ್ಕ ಇನ್ನೊಂದು ಕಡೆ ಕೈಕೊಟ್ಟಿತು. ಲಾಗ್‌ಗಳನ್ನು ಕಂಪ್ಯೂಟರ್‌ನಲ್ಲಿ ಪಟ್ಟಿ ಮಾಡಿ ತೋರಿಸುವ ಚಿಕ್ಕ ಪ್ರೋಗ್ರಾಂ ಇತ್ತು, ಅದರಲ್ಲಿ ಅಂಗಡಿಗಳ ಹೆಸರು ಕನ್ನಡದಲ್ಲಿ. ಇಂಗ್ಲಿಷ್ ಹೆಸರಿನ ಸಾಲುಗಳು ನೆಟ್ಟಗೆ ನಿಂತವು, ಕನ್ನಡದವು ಅಡ್ಡಾದಿಡ್ಡಿ. ನನ್ನ ತಪ್ಪಿರಬೇಕು ಅಂತ ಅಸಲಿ ಪ್ರಿಂಟ್‌ಎಫ್ ಹಾಕಿ ನೋಡಿದೆ, ಅದೂ ಹಾಗೇ. "ಕನ್ನಡ" ಅನ್ನುವುದು ನಮಗೆ ಮೂರು ಅಕ್ಷರ. ಯುನಿಕೋಡ್‌ಗೆ ಐದು: ಕ, ನ, ಅರ್ಧ ಮಾಡುವ ಹಲಂತದ ಗುರುತು, ಇನ್ನೊಂದು ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು ಹದಿನೈದು. ಪ್ರಿಂಟ್‌ಎಫ್ ಎಣಿಸುವುದು ಬೈಟ್. %10ಎಸ್ (ಹತ್ತರಷ್ಟು ಅಗಲ ಕೊಡು) ಅಂದರೆ, "ಆಗಲೇ ಹದಿನೈದಿದೆಯಲ್ಲ, ಜಾಗ ಯಾಕೆ?" ಅಂತ ಒಂದು ಖಾಲಿ ಜಾಗವನ್ನೂ ಬಿಡಲ್ಲ. %.4ಎಸ್ (ನಾಲ್ಕಕ್ಕೆ ಕತ್ತರಿಸು) ಅಂದರೆ ಇಡೀ ಕ ಕೊಟ್ಟು, ನದ ಮೂರರಲ್ಲಿ ಒಂದು ಭಾಗ ಕತ್ತರಿಸಿ ಕೊಡುತ್ತದೆ. ಪರದೆ ಮೇಲೆ ಕ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಕರಿ ವಜ್ರ.

ನನ್ನದರಲ್ಲಿ ಸರಿ ಮಾಡೋಣ ಅಂತ ಕೂತೆ. ಬೈಟ್ ಬಿಟ್ಟು ಯುನಿಕೋಡ್ ಎಣಿಸಿದರೆ ಐದು ಬಂತು, ಮೂರಲ್ಲ. ಒತ್ತಕ್ಷರ ಗುರುತಿಸಿ ಎಣಿಸಿದರೆ ಮೂರು ಬಂತು. ಆದರೆ ಪರದೆ ಮೇಲೆ ಕನ್ನಡದ ಮೂರಕ್ಷರ ಇಂಗ್ಲಿಷಿನ ಮೂರಕ್ಷರದಷ್ಟು ಅಗಲ ಇರಲ್ಲವಲ್ಲ. ಎಷ್ಟಿರುತ್ತೆ ಅನ್ನುವುದು ಫಾಂಟ್‌ಗೆ ಗೊತ್ತು, ಪ್ರಿಂಟ್‌ಎಫ್‌ಗಲ್ಲ. ಅಲ್ಲಿಗೆ ಕೈಬಿಟ್ಟೆ. ಹೆಸರನ್ನು ಸಾಲಿನ ಕೊನೆಗೆ ಹಾಕಿದೆ, ಅಡ್ಡಾದಿಡ್ಡಿ ಕಾಣಲ್ಲ.

(ಸಂಖ್ಯೆಯ ವಿಷಯದಲ್ಲಿ ಮಾತ್ರ ನಮ್ಮ ಮೇಲೆ ಸ್ವಲ್ಪ ಕರುಣೆ ಇದೆ. ಲಿನಕ್ಸ್‌ನಲ್ಲಿ ಇಂಡಿಯನ್ ಇಂಗ್ಲಿಷ್ ಲೊಕೇಲ್ (ದೇಶ-ಭಾಷೆಯ ಸೆಟ್ಟಿಂಗ್) ಇಟ್ಟು, ಶೇಕಡಾ ಚಿಹ್ನೆ ಮತ್ತು ಡಿ ನಡುವೆ ಒಂದು ಅಪಾಸ್ಟ್ರಫಿ ಹಾಕಿದರೆ 12,34,567 ಅಂತ ಲಕ್ಷದ ಲೆಕ್ಕದಲ್ಲೇ ಅಲ್ಪವಿರಾಮ ಬೀಳುತ್ತದೆ.)

ಕೊನೆಗೂ ಟೆಂಪರೇಚರ್

ಶುರು ಮಾಡಿದ್ದೇ %ಎಫ್‌ಗಾಗಿ. ಅದನ್ನು ನಾನು ಬರೆಯಲೇ ಇಲ್ಲ.

ಬರೆಯಲು ಕೂತಾಗ ಗೊತ್ತಾಯಿತು ಯಾಕೆ ಅದನ್ನು ಲೈಬ್ರರಿಯಿಂದ ಹೊರಗಿಡುತ್ತಾರೆ ಅಂತ. 0.1 ಎಂದು ನಾವು ಬರೆದದ್ದು ಡಬಲ್‌ನಲ್ಲಿ ಕೂರುವುದು 0.1000000000000000055511151231257827021181583404541015625 ಆಗಿ. ಅದಕ್ಕಿಂತ ಹತ್ತಿರದ ಸಂಖ್ಯೆ ಅಲ್ಲಿ ಇಲ್ಲ. 2.675ನ್ನು %.2ಎಫ್‌ನಲ್ಲಿ ಹಾಕಿದರೆ 2.68 ಬರಲ್ಲ, 2.67 ಬರುತ್ತದೆ, ಯಾಕೆಂದರೆ ಒಳಗೆ ಕೂತಿರುವುದು 2.675ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಡಬಲ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆಗೆ 309 ಅಂಕಿ, ಅದನ್ನು ಒಂದೂ ತಪ್ಪದೆ ಬರೆಯಬೇಕಾದರೆ ದೊಡ್ಡ ಸಂಖ್ಯೆಗಳ ಗಣಿತವನ್ನೇ ಕಟ್ಟಬೇಕು. ಸರಿಯಾಗಿ ಮಾಡುವುದು ಹೇಗೆ ಅಂತ ಗೈ ಸ್ಟೀಲ್ ಮತ್ತು ಜಾನ್ ವೈಟ್ ಬರೆದ ಪ್ರಬಂಧ ಬಂದದ್ದು 1990ರಲ್ಲಿ, ಬೇಗ ಮಾಡುವುದು ಹೇಗೆ ಅಂತ ಉಲ್ಫ್ ಆಡಮ್ಸ್‌ನ ರ್‍ಯೂ ಎಂಬ ವಿಧಾನ ಬಂದದ್ದು 2018ರಲ್ಲಿ. ನನ್ನ ಚಿಪ್‌ಗೋ ಭಾಗಾಕಾರದ ಸೂಚನೆಯೇ ಇಲ್ಲ, ಹತ್ತರಿಂದ ಭಾಗಿಸಲೂ ಒಂದು ಫಂಕ್ಷನ್ ಕರೆಯಬೇಕು.

ಫ್ರೀಜರ್‌ಗೆ ಎರಡು ದಶಮಾಂಶ ಸಾಕು. ತಾಪಮಾನವನ್ನು ನೂರರಿಂದ ಗುಣಿಸಿ ಪೂರ್ಣಾಂಕವಾಗಿ ಇಟ್ಟುಕೊಂಡೆ, ನೂರರಿಂದ ಭಾಗಿಸಿ ಒಂದು ಕಡೆ, ಶೇಷ ಒಂದು ಕಡೆ, ನಡುವೆ ಚುಕ್ಕೆ. ಮೊದಲ ದಿನ 7.05 ಡಿಗ್ರಿ 7.5 ಅಂತ ಬಂತು, ಶೇಷಕ್ಕೆ ಸೊನ್ನೆ ತುಂಬುವುದು ಮರೆತಿದ್ದೆ. ಎರಡನೇ ದಿನ ಎಲ್ಲ ಸರಿ. ಮೂರನೇ ದಿನ ಹುಡುಗಿ ಗ್ರಾಫ್ ತಂದಳು. ಡಿಫ್ರಾಸ್ಟ್ ಆಗುವಾಗ ಗೆರೆ ಮೈನಸ್‌ನಿಂದ ಮೇಲೇರುತ್ತಾ -1.02ಕ್ಕೆ ಬಂದು, ಅಲ್ಲಿಂದ ಗಬಕ್ಕನೆ ಪ್ಲಸ್‌ಗೆ ನೆಗೆದು, ಕೆಳಗಿಳಿದು ಸೊನ್ನೆ ಮುಟ್ಟಿ ಮತ್ತೆ ಏರಿತ್ತು. "ಐಸ್ ಕರಗುವಾಗ ಹೀಗೆ ಆಗುತ್ತಾ ಸರ್?" ಅಂತ ಕೇಳಿದಳು. ಐಸ್ ಪಾಪ ಏನು ಮಾಡೀತು. -98ನ್ನು ನೂರರಿಂದ ಭಾಗಿಸಿದರೆ ಸೊನ್ನೆ, ಸೊನ್ನೆಗೆ ಮೈನಸ್ ಇಲ್ಲ. ಶೇಷದ ಮೈನಸ್ಸನ್ನು ನಾನೇ ಒರೆಸಿಹಾಕಿದ್ದೆ. -0.98 ಹೋಗಿ 0.98 ಆಗಿತ್ತು. ಸೊನ್ನೆಯಿಂದ ಕೆಳಗೆ ಒಂದು ಡಿಗ್ರಿಯೊಳಗೆ ಮಾತ್ರ ಸುಳ್ಳು ಹೇಳುತ್ತಿದ್ದ ಥರ್ಮಾಮೀಟರ್ ಅದು. -18ರಲ್ಲಿ ಇರುವ ಫ್ರೀಜರ್‌ನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎಷ್ಟು ಅಕ್ಷರ ಅಚ್ಚಾಯಿತು?

ಇಂಜಿನಿಯರಿಂಗ್ ಮೊದಲ ವರ್ಷದ ಸಿ ಲ್ಯಾಬ್ ವೈವಾ. ಎಕ್ಸ್‌ಟರ್ನಲ್ ಆಗಿ ಬಂದವರು ವಯಸ್ಸಾದ ಮೇಷ್ಟ್ರು, ಕನ್ನಡಕ ಮೂಗಿನ ತುದಿಯಲ್ಲಿ. ನನ್ನ ರೆಕಾರ್ಡ್ ಪುಸ್ತಕ ತಿರುವುತ್ತಾ, ತಲೆ ಎತ್ತದೆ ಕೇಳಿದರು: "ಪ್ರಿಂಟ್‌ಎಫ್ ಏನು ರಿಟರ್ನ್ ಮಾಡುತ್ತಪ್ಪಾ?" ನಾನು, "ಏನೂ ಇಲ್ಲ ಸರ್, ಸ್ಕ್ರೀನ್ ಮೇಲೆ ಪ್ರಿಂಟ್ ಮಾಡುತ್ತೆ" ಅಂದೆ. ಅವರು ರೆಕಾರ್ಡ್‌ನ ಕೊನೆಯ ಪುಟದಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದರು, ಪ್ರಿಂಟ್‌ಎಫ್ ಒಳಗೆ ಇನ್ನೊಂದು ಪ್ರಿಂಟ್‌ಎಫ್. ಒಳಗಿನದರಲ್ಲಿ ಇಂಗ್ಲಿಷಿನ ಹಲೋ, ಹೊರಗಿನದರಲ್ಲಿ %ಡಿ. "ಓಡಿಸಿ ನೋಡು ಹೋಗು" ಅಂದರು. ಹಲೋ ಪಕ್ಕದಲ್ಲಿ 5 ಬಂತು. "ಎಷ್ಟು ಅಕ್ಷರ ಅಚ್ಚು ಮಾಡಿದೆ ಅಂತ ಅದು ನಿನಗೆ ಹೇಳುತ್ತೆ. ನೀನು ಕೇಳಿಸಿಕೊಳ್ಳಲ್ಲ." ಮಾರ್ಕ್ಸ್ ಕಮ್ಮಿ ಕೊಡಲಿಲ್ಲ.

ನನ್ನ ಫಂಕ್ಷನ್‌ಗೂ ಆ ಎಣಿಕೆ ಹಾಕಿದೆ, ಅವರ ನೆನಪಿಗೆ ಅನ್ನಿ. ಹಾಕಿದ ರಾತ್ರಿ, ಅಸಲಿಯದು ಎಷ್ಟು ನಿಜ ಹೇಳುತ್ತೆ ನೋಡೋಣ ಅಂತ ಲಿನಕ್ಸ್‌ನಲ್ಲಿ ಒಂದು ಆಟ ಆಡಿದೆ. ಅಲ್ಲಿ ಡೆವ್-ಫುಲ್ ಎಂಬ ವಿಚಿತ್ರ ಫೈಲ್ ಇದೆ, ಅದಕ್ಕೆ ಏನು ಬರೆದರೂ "ಜಾಗ ಇಲ್ಲ" ಅನ್ನುತ್ತದೆ. ಪ್ರಿಂಟ್‌ಎಫ್‌ನ ಔಟ್‌ಪುಟ್ಟನ್ನು ಅದಕ್ಕೆ ತಿರುಗಿಸಿ, ರಿಟರ್ನ್ ಆದ ಸಂಖ್ಯೆಯನ್ನು ಬೇರೆ ದಾರಿಯಲ್ಲಿ ಪರದೆಗೆ ತರಿಸಿದೆ. ಹಲೋಗೆ 5 ಅಂತಲೇ ಬಂತು. ಒಂದಕ್ಷರವೂ ಎಲ್ಲೂ ಹೋಗಿಲ್ಲ. ಬಫರ್‌ನಲ್ಲಿ, ಅಂದರೆ ಕಳಿಸುವ ಮುಂಚೆ ಕೂಡಿಡುವ ಜಾಗದಲ್ಲಿ, ಇಟ್ಟುಕೊಂಡು 5 ಅಂದಿದೆ. ಪ್ರೋಗ್ರಾಂ ಮುಗಿಯುವಾಗ ಬಫರ್ ಖಾಲಿ ಮಾಡಲು ಹೋಗಿ ಬಾಗಿಲು ಮುಚ್ಚಿಸಿಕೊಂಡು ವಾಪಸ್ ಬಂದಿದೆ, ಅದನ್ನು ಯಾರಿಗೂ ಹೇಳಿಲ್ಲ. ಪ್ರೋಗ್ರಾಂನ ಎಕ್ಸಿಟ್ ಕೋಡ್ ಸೊನ್ನೆ, ಅಂದರೆ ಎಲ್ಲ ಕ್ಷೇಮ.

ನನ್ನದರಲ್ಲಿ ಬಫರ್ ಇಲ್ಲ. 115200 ಬಾಡ್‌ನಲ್ಲಿ (ಸೀರಿಯಲ್ ಪೋರ್ಟಿನ ವೇಗ) ಒಂದು ಬೈಟ್ ಹೋಗಲು 87 ಮೈಕ್ರೋಸೆಕೆಂಡ್ ಬೇಕು, ಒಂದೊಂದಕ್ಕೂ ಕಾದು, ಹೋದ ಮೇಲೆಯೇ ಎಣಿಸುತ್ತದೆ. ನಲವತ್ತಕ್ಷರದ ಸಾಲಿಗೆ ಮೂರೂವರೆ ಮಿಲಿಸೆಕೆಂಡ್. "ಅಷ್ಟೊತ್ತು ಬೋರ್ಡ್ ಏನೂ ಮಾಡದೆ ನಿಂತಿರುತ್ತಲ್ಲ ಸರ್, ಬಫರ್ ಹಾಕ್ಲಾ?" ಅಂತ ಹುಡುಗಿ ಕೇಳಿದಳು. ಮುಂದಿನ ವಾರ ನೋಡೋಣ ಅಂದಿದ್ದೇನೆ.